ಮೊದಲೇ ನಗುವವನು

ನಗದೆ ಕೂತಿರುವುದು ಹೇಗೆ ಎಂಬುದನ್ನು ಅವನು ಬೆಳಗಿನಿಂದ ಅಭ್ಯಾಸ ಮಾಡುತ್ತಿದ್ದ. ಕನ್ನಡಕದ ಅಂಗಡಿಯಲ್ಲಿ ಕನ್ನಡಿಗಳಿಗೇನು ಬರ? ಗೋಡೆಯ ಮೇಲೆ ಉದ್ದನೆಯವು, ಕಪಾಟಿನ ಮೇಲೆ ಮಡಚಿಡುವಂಥ ಪುಟ್ಟವು, ಕೌಂಟರಿನ ಮೇಲೆ ಗಿರಾಕಿಗಳು ತಮ್ಮ ಮೂಗನ್ನು ತಾವೇ ನೋಡಿ ಬೇಸರಪಟ್ಟುಕೊಳ್ಳುವ ದುಂಡನೆಯದೊಂದು. ಯಾವುದರಲ್ಲಿ ನೋಡಿದರೂ ಅದೇ ಮುಖ: ತುಟಿ ಬಿಗಿದು, ಕೆನ್ನೆ ಒಳಗೆಳೆದುಕೊಂಡು, ಹಲ್ಲುನೋವಿನವನ ಹಾಗೆ. ವೇದಿಕೆಯ ಮೇಲೆ ಜನರನ್ನು ನಗಿಸುವ ತಂಗಿಯ ಮಾತೊಂದನ್ನು ಮನಸ್ಸಿನಲ್ಲೇ ಶುರು ಮಾಡುವುದು, ನಗು ಬರುವ ಜಾಗ ಹತ್ತಿರವಾಗುತ್ತಿದ್ದಂತೆ ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಇಟ್ಟು ಕಚ್ಚುವುದು. ಕಚ್ಚಿ ಕಚ್ಚಿ ನಾಲಿಗೆ ಉರಿಯತೊಡಗಿತ್ತು. ಆದರೂ ಲಿಫ್ಟಿನ ಪ್ರಸಂಗಕ್ಕೆ ಬರುವಾಗ ‘ಹ್ಹೆ’ ಎಂದು ಹೊರಬಿದ್ದೇಬಿಟ್ಟಿತು. ಅದೂ ಮಾತು ಮುಗಿಯುವ ಮೊದಲೇ. ತನ್ನ ತಲೆಯೊಳಗಿನ ಮಾತಿಗೂ ಕಾಯಲಾರದವನು ಸಭೆಯಲ್ಲಿ ಏನು ಕಾದಾನು ಎಂದು ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

“ಏನ್ರೀ, ನನ್ನ ಮುಖ ನೋಡಿ ನಗ್ತಾ ಇದೀರಾ?” ಎಂದರು ಎದುರಿನ ಕುರ್ಚಿಯಲ್ಲಿದ್ದ ಹಿರಿಯ ಗಿರಾಕಿ. ಕಣ್ಣು ಪರೀಕ್ಷೆಯ ಲೋಹದ ಚೌಕಟ್ಟನ್ನು ಮೂಗಿನ ಮೇಲೆ ಹೊತ್ತುಕೊಂಡರೆ ಎಂಥ ಗಂಭೀರ ಮನುಷ್ಯನೂ ನಗೆಪಾಟಲಾಗುತ್ತಾನೆ. ಅದು ಅವರಿಗೂ ಗೊತ್ತಿತ್ತು, ಅದಕ್ಕೇ ಸಿಡುಕು. “ಇಲ್ಲ ಸಾರ್, ಏನೋ ನೆನಪಾಯ್ತು” ಎಂದು ತಪ್ಪಿಸಿಕೊಂಡು, ಗೋಡೆಯ ಮೇಲಿನ ಅಕ್ಷರಗಳನ್ನು ತೋರಿಸಿ, ಒಂದು ಗಾಜು ತೆಗೆದು ಇನ್ನೊಂದು ಕೂರಿಸಿ, ವರ್ಷಗಟ್ಟಲೆಯಿಂದ ಕೇಳುತ್ತ ಬಂದ ಪ್ರಶ್ನೆಯನ್ನೇ ಕೇಳಿದ. “ಇದು ಸ್ಪಷ್ಟವಾಗಿದೆಯಾ, ಮೊದಲಿನದಾ?” ಗಾಜಿನ ಹಿಂದೆ ಅವರ ಕಣ್ಣು ದೊಡ್ಡದಾಗಿ ಅರಳಿತು. “ಅಯ್ಯೋ! ನೀವು ಅವರ ಅಣ್ಣ ಅಲ್ವಾ? ಆ ನಗಿಸೋ ಹುಡುಗಿಯ ಅಣ್ಣ! ಇನ್ನೊಂದ್ಸಲ ಹೇಳಿ, ತಡೀರಿ ತಡೀರಿ, ನಮ್ಮ ಮನೆಯವಳಿಗೆ ಕೇಳಿಸ್ತೀನಿ.” ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದರು. ಅವನು ಹೇಳಿದ. ಇದು ಸ್ಪಷ್ಟವಾಗಿದೆಯಾ, ಮೊದಲಿನದಾ. ಫೋನಿನೊಳಗೆ ಹೆಂಗಸೊಬ್ಬರು ಕಿಲಕಿಲ ನಕ್ಕರು. ಹೀಗೆ ಆದಾಗಲೆಲ್ಲ ಅವನ ಎದೆ ಉಬ್ಬಿದ ಜಾಗದಲ್ಲೇ ಸಣ್ಣಗೆ ಕುಗ್ಗುತ್ತಿತ್ತು. ಹೊಟ್ಟೆಪಾಡಿನ ಮಾತೊಂದು ಈಗ ತನ್ನದಲ್ಲ, ತಂಗಿ ವೇದಿಕೆಯಲ್ಲಿ ಆಡಿದ್ದನ್ನು ಕೇಳಿ ತಂದು ಆಡುತ್ತಿದ್ದೇನೆ ಎನ್ನಿಸುತ್ತಿತ್ತು. “ಇವತ್ತು ಮಧ್ಯಾಹ್ನ ಅವರ ಕಾರ್ಯಕ್ರಮ ರೆಕಾರ್ಡ್ ಮಾಡ್ತಾರಂತಲ್ಲ, ಹೋಗಲ್ವಾ ನೀವು?” ಎಂದರು ಗಿರಾಕಿ. ಹೋಗಬೇಕು ಎಂದ. “ಹೋಗಬೇಕು ಅಂತ ಯಾಕೆ ಹಾಗೆ ರಾಗ ಎಳೀತೀರಿ? ನಿಮಗಿಂತ ಚೆನ್ನಾಗಿ ನಗೋರು ಯಾರಿದಾರೆ ಹೇಳಿ?” ಅವನು ಚೌಕಟ್ಟಿನ ಗಾಜನ್ನು ಸುಮ್ಮನೆ ಇನ್ನೊಮ್ಮೆ ಒರೆಸಿದ.

ಚೆನ್ನಾಗಿ ನಗುವುದಕ್ಕೂ ಎಲ್ಲರಿಗಿಂತ ಮೊದಲೇ ನಗುವುದಕ್ಕೂ ವ್ಯತ್ಯಾಸವಿದೆ ಎಂದು ಅವನಿಗೆ ಗೊತ್ತಾದದ್ದು ಹೋದ ವಾರ. ಅಲ್ಲಿಯವರೆಗೆ ತನ್ನ ನಗುವಿನಲ್ಲಿ ದೋಷವಿರಬಹುದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಆ ನಗು ಹುಟ್ಟಿದ್ದು ಕಾಫಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ, ತಂಗಿ ಮೊದಲ ಸಲ ಮೈಕ್ ಹಿಡಿದ ಸಂಜೆ. ಒಂದಕ್ಕೊಂದು ಹೊಂದದ ಕುರ್ಚಿಗಳು, ಮೂಲೆಯಲ್ಲಿ ಗುಂಯ್ಗುಡುವ ಫ್ರಿಜ್ಜು, ಹತ್ತು ಬಾಯಿಗಳ ವಾಸನೆ ಹೊತ್ತ ಮೈಕು. ಯಾರು ಬೇಕಾದರೂ ಹೆಸರು ಕೊಟ್ಟು ಐದು ನಿಮಿಷ ಮಾತಾಡಬಹುದಿತ್ತು. ಸಮಯ ಮುಗಿಯುತ್ತ ಬಂದರೆ ಹಿಂದೆ ನಿಂತವನು ಟಾರ್ಚು ಅಲ್ಲಾಡಿಸುತ್ತಿದ್ದ. ತಂಗಿ ಆಗ ಲಿಫ್ಟ್ ಕಂಪನಿಯೊಂದರ ಫೋನಿನಲ್ಲಿ ಕೆಲಸಕ್ಕಿದ್ದಳು. ಯಾರಾದರೂ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡು ಒಳಗಿನ ಗುಂಡಿ ಒತ್ತಿದರೆ ಕರೆ ಇವಳಿಗೆ ಬರುತ್ತಿತ್ತು. ರಿಪೇರಿಯವರು ಹೋಗಿ ಬಾಗಿಲು ತೆಗೆಯುವವರೆಗೆ ಅವರನ್ನು ಮಾತಿನಲ್ಲಿ ಹಿಡಿದಿಡಬೇಕು, ಗಾಬರಿಬೀಳಲು ಬಿಡಬಾರದು, ಅಷ್ಟೇ ಕೆಲಸ. ಎಷ್ಟು ಚೆನ್ನಾಗಿ ಹಿಡಿದಿಡುತ್ತಿದ್ದಳೆಂದರೆ ಬಾಗಿಲು ತೆರೆದ ಮೇಲೂ ಒಬ್ಬ ಮುದುಕರು ಹೊರಗೆ ಬರದೆ, ‘ಈ ಮಗು ಏನೋ ಹೇಳ್ತಾ ಇದೆ, ಮುಗೀಲಿ ಇರಿ’ ಎಂದಿದ್ದರಂತೆ. ಅದೇ ಧೈರ್ಯದಲ್ಲಿ ಹೆಸರು ಕೊಟ್ಟಿದ್ದಳು. ಆದರೆ ಲಿಫ್ಟಿನವರಿಗೆ ಹೊರಗೆ ಹೋಗುವ ದಾರಿಯಿರಲಿಲ್ಲ, ಕಾಫಿ ಅಂಗಡಿಯವರಿಗೆ ಇತ್ತು. ಅವಳು ಮಾತಾಡುತ್ತಿದ್ದಂತೆ ಒಬ್ಬೊಬ್ಬರೇ ಎದ್ದರು. ಮುಂದಿನ ಸಾಲಿನವನಿಗೆ ಫೋನ್ ಬಂತು. ಅವನು ಎತ್ತಿಕೊಂಡು, ಮುಚ್ಚುಮರೆಯಿಲ್ಲದೆ, “ಹೇಳು ಹೇಳು, ಇಲ್ಲಿ ಏನೂ ನಡೀತಾ ಇಲ್ಲ” ಎಂದ. ತಂಗಿಯ ಕುತ್ತಿಗೆ ಕೆಂಪಾದದ್ದು ಹಿಂದಿನ ಸಾಲಿನವರೆಗೆ ಕಂಡಿತು. ಆದರೂ ಅವಳು ಲಿಫ್ಟಿನ ಪ್ರಸಂಗ ಶುರು ಮಾಡಿದಳು. ಮನೆಯಲ್ಲಿ ಅದನ್ನು ಕೇಳಿ ಕೇಳಿ ಅವನಿಗೆ ಬಾಯಿಪಾಠವಾಗಿತ್ತು. ‘ಮೇಡಂ, ನಾನು ಯಾವ ಮಹಡೀಲಿದೀನಿ?’ ‘ಎರಡಕ್ಕೂ ಮೂರಕ್ಕೂ ಮಧ್ಯೆ ಸಾರ್.’ ‘ಅಯ್ಯೋ, ಹೆಂಡತಿ ಫೋನ್ ಮಾಡ್ತಾ ಇದಾಳೆ, ಏನು ಹೇಳಲಿ?’ ಇಲ್ಲಿ ತಂಗಿ ಉಸಿರು ತೆಗೆದುಕೊಳ್ಳಲು ನಿಂತಳು, ನಿಂತವಳ ಕಣ್ಣಿಗೆ ನೀರು ಬಂದ ಹಾಗಿತ್ತು, ಮತ್ತು ಅವನಿಗೆ ತಡೆಯಲಾಗಲಿಲ್ಲ. ‘ಹ್ಹೆ ಹ್ಹೆ’ ಎಂದು ಗಟ್ಟಿಯಾಗಿ ನಕ್ಕುಬಿಟ್ಟ. ಹೆದರಿಕೆಗೆ ನಕ್ಕನೋ, ಮುಂದಿನ ಮಾತು ನೆನೆದು ನಕ್ಕನೋ, ಇವತ್ತಿಗೂ ಅವನಿಗೆ ಬಗೆಹರಿದಿಲ್ಲ. ಅವಳು ಅವನ ಕಡೆ ತಿರುಗಿ, ಅವನೊಬ್ಬನಿಗೇ ಹೇಳುವ ಹಾಗೆ ಮುಗಿಸಿದಳು: ‘ದಾರೀಲಿದೀನಿ ಅನ್ನಿ ಸಾರ್. ಈ ಒಂದು ಸಲ ಅದು ನಿಜ.’

ಬೀದಿಗೆ ಬಂದ ಮೇಲೆ ಅವಳು, “ಅಣ್ಣ, ನೀನು ಯಾಕೆ ನಕ್ಕಿದ್ದು?” ಎಂದಳು. “ಚೆನ್ನಾಗಿತ್ತು, ನಕ್ಕೆ.” “ನಾನಿನ್ನೂ ಹೇಳೇ ಇರಲಿಲ್ವಲ್ಲೋ.” “ಹೇಳ್ತೀಯ ಅಂತ ಗೊತ್ತಿತ್ತಲ್ಲ.” ಅವಳು ಅಲ್ಲೇ ನಿಂತು, ಚೀಲವನ್ನು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು, ಒಳಗೆ ಯಾರೂ ನಗದ್ದಕ್ಕೆಲ್ಲ ಸೇರಿಸಿ ನಕ್ಕ ಹಾಗಿತ್ತು. ಆಮೇಲೆ ಕಣ್ಣೊರೆಸಿಕೊಂಡು, “ಮುಂದಿನ ವಾರಾನೂ ಬರ್ತೀಯಾ?” ಎಂದು ಕೇಳಿದಳು. ಅಂದಿನಿಂದ ಹೋಗದಿದ್ದ ವಾರವಿಲ್ಲ. ಮೂರನೆಯ ಸಾಲು, ಎಡಗಡೆಯ ತುದಿ.

ಜನ ಅವಳನ್ನು ಹುಟ್ಟಾ ಮಾತುಗಾರ್ತಿ ಎನ್ನುತ್ತಾರೆ. ಹುಟ್ಟಾ ಎನ್ನುವವರು ಅವಳು ಪಾತ್ರೆ ತೊಳೆಯುವುದನ್ನು ನೋಡಿಲ್ಲ. ಸಿಂಕಿನ ಮುಂದೆ ನಿಂತು ಒಂದೇ ಲೋಟವನ್ನು ತಿಕ್ಕುತ್ತ ಒಂದೇ ವಾಕ್ಯವನ್ನು ಹೊರಳಿಸುತ್ತಿದ್ದಳು, ಲೋಟ ಸವೆದರೂ ವಾಕ್ಯ ಪಳಪಳ ಆಗುವವರೆಗೆ. ಕನ್ನಡಕದಂಗಡಿಯ ಪ್ರಸಂಗ ಹಾಗೇ ಹುಟ್ಟಿದ್ದು. ಮೊದಲು ಅದು ಇಷ್ಟುದ್ದ ಇತ್ತು: ನಮ್ಮಣ್ಣ ಕನ್ನಡಕದ ಅಂಗಡೀಲಿ ಕೆಲಸ ಮಾಡ್ತಾನೆ, ಅಲ್ಲಿ ಗಾಜು ಬದಲಾಯಿಸಿ ಹೀಗೆ ಹೀಗೆ ಕೇಳ್ತಾರೆ, ಅದು ಅಭ್ಯಾಸ ಆಗಿ ಮನೆಯಲ್ಲೂ ಹಾಗೇ, ಒಂದಿನ ಅಮ್ಮ ನಮಗೆ ಬೈತಾ ಇದ್ದಾಗ ಅಣ್ಣ ಶಾಂತವಾಗಿ, ಅಮ್ಮಾ ಇದಕ್ಕಿಂತ ಮೊದಲಿನ ಬೈಗುಳ ಸ್ಪಷ್ಟವಾಗಿತ್ತು ಅಂತ ಹೇಳಿದ. ಇಷ್ಟನ್ನು ಹಿಂದಿನ ಕೋಣೆಯಲ್ಲಿ ಹೇಳಿದಾಗ ಫ್ರಿಜ್ಜಿನ ಸದ್ದು ಮಾತ್ರ ಕೇಳಿಸಿತ್ತು. ವಾರಗಟ್ಟಲೆ ತಲೆ ಕೆಡಿಸಿಕೊಂಡು, ಒಂದು ದಿನ ಸೋಪಿನ ಕೈಯಲ್ಲೇ ಹೊರಗೆ ಓಡಿಬಂದಳು. “ಅಣ್ಣ, ‘ಅಂತ ಹೇಳಿದ’ ಅನ್ನೋ ಬಾಲ ಇದೆ ನೋಡು, ಅದೇ ನನ್ನ ಶತ್ರು. ಜನ ನಗೋಕೆ ಬಾಯಿ ತೆಗೀತಾರೆ, ಅಷ್ಟರಲ್ಲಿ ನಾನು ‘ಅಂತ ಹೇಳಿದ’ ಅಂತ ಅವರ ಬಾಯಿ ಮುಚ್ಚಿಸ್ತೀನಿ.” ಬಾಲ ಕತ್ತರಿಸಿದಳು. ‘ಶಾಂತವಾಗಿ’ ಎನ್ನುವುದನ್ನು ಕತ್ತರಿಸಿದಳು. ಶಾಂತವಾಗಿ ಎಂದು ಹೇಳುವ ಬದಲು ಶಾಂತವಾಗಿ ಹೇಳಿದರಾಯಿತಲ್ಲ ಎಂದಳು. ಮುಂದಿನ ವಾರ ಕಾಫಿ ಅಂಗಡಿಯಲ್ಲಿ ಅವನ ಹಾಗೆ ತಲೆಯನ್ನು ಒಂದು ಬದಿಗೆ ವಾಲಿಸಿ, ಕಾಣದ ಗಾಜೊಂದನ್ನು ಬೆರಳಲ್ಲಿ ಹಿಡಿದು, ‘ಅಮ್ಮಾ... ಮೊದಲಿನದೇ ಸ್ಪಷ್ಟವಾಗಿತ್ತು’ ಎಂದು ಅಷ್ಟೇ ಅಂದಳು. ಕೋಣೆ ಬಿದ್ದುಬಿದ್ದು ನಕ್ಕಿತು. ತನ್ನ ತಲೆ ಹಾಗೆ ವಾಲುತ್ತದೆಂದು ಅವನಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಚುಚ್ಚಿತು, ನಿಜ. ಆದರೆ ಅವಳು ಅವನನ್ನು ಅಷ್ಟು ಗಮನವಿಟ್ಟು ನೋಡಿದ್ದಳಲ್ಲ. ತನ್ನನ್ನು ಅಷ್ಟು ಗಮನವಿಟ್ಟು ನೋಡಿದವರು ಇನ್ಯಾರಿದ್ದಾರೆ ಎಂದು ಯೋಚಿಸುತ್ತ ಮನೆಗೆ ಬಂದಿದ್ದ. ಬಾಗಿಲಲ್ಲೇ ಅಮ್ಮ ಎಂದಿನಂತೆ ಕೇಳಿದ್ದಳು: “ನಕ್ಕರಾ?” ಅಮ್ಮ ಒಂದು ಕಾರ್ಯಕ್ರಮಕ್ಕೂ ಹೋದವಳಲ್ಲ. ಮಗಳು ಜನರೆದುರು ಮಾತಾಡುವಾಗ ತನ್ನ ಎದೆ ಬಾಯಿಗೆ ಬರುತ್ತದೆ, ತಾನು ಮನೆಯಲ್ಲೇ ಇದ್ದು ಕಾಯುವುದು ವಾಸಿ ಎನ್ನುತ್ತಾಳೆ. ಆದರೆ ಆ ಒಂದು ಪ್ರಶ್ನೆಯನ್ನು ತಪ್ಪಿಸಿದವಳಲ್ಲ. ನಕ್ಕರು ಎಂದು ಆ ದಿನ ಅವನು ಮೊದಲ ಸಲ ಸುಳ್ಳಿಲ್ಲದೆ ಹೇಳಿದ.

ಇವತ್ತು ಆ ಗಿರಾಕಿ ಹೋದ ಮೇಲೆ ಅಂಗಡಿಯ ಶಟರ್ ಎಳೆದು ಬೀಗ ಹಾಕಿ, ಮಾಲೀಕರಿಗೆ ಫೋನ್ ಮಾಡಿ ಮಧ್ಯಾಹ್ನದ ರಜೆ ನೆನಪಿಸಿ, ಬಸ್ ನಿಲ್ದಾಣಕ್ಕೆ ನಡೆದ. ಅಲ್ಲಿ ತಂಗಿಯ ದೊಡ್ಡ ಚಿತ್ರ ಅಂಟಿಸಿದ್ದರು. ಯಾರೋ ಪುಣ್ಯಾತ್ಮರು ಪೆನ್ನಿನಲ್ಲಿ ಮೀಸೆ ಬರೆದಿದ್ದರು. ಅದನ್ನು ನೋಡಿ ಅವನ ರಕ್ತ ಕುದಿದು, ಕರವಸ್ತ್ರ ಒದ್ದೆ ಮಾಡಿ ಒರೆಸಲು ಹೋಗಿದ್ದ, ಕಳೆದ ತಿಂಗಳು. ತಂಗಿಯೇ ತಡೆದಿದ್ದಳು. ಚಿತ್ರದ ಪಕ್ಕ ನಿಂತು ಮೂಗಿನ ಕೆಳಗೆ ಬೆರಳಿಟ್ಟು ಫೋಟೋ ತೆಗೆಸಿಕೊಂಡು, “ಬಿಡೋ, ನನಗಿಂತ ಅದಕ್ಕೇ ಲಕ್ಷಣ ಜಾಸ್ತಿ ಇದೆ” ಎಂದಿದ್ದಳು. ಅವಮಾನ ಅವಳ ಹತ್ತಿರ ಬಂದರೆ ಎರಡು ದಿನದಲ್ಲಿ ಕೆಲಸಕ್ಕೆ ಸೇರಿಬಿಡುತ್ತಿತ್ತು. ಯಾವುದೋ ಕಂಪನಿಯ ಔತಣದಲ್ಲಿ ಜನರೆಲ್ಲ ಬೆನ್ನು ಹಾಕಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಅವಳು ಮೈಕ್ ಎತ್ತಿಕೊಂಡು ಹೋಗಿ ಅದೇ ಸಾಲಿನಲ್ಲಿ ನಿಂತು, ಪ್ರತಿಯೊಬ್ಬರ ತಟ್ಟೆಯ ಬಗ್ಗೆ ಕ್ರಿಕೆಟ್ ಆಟದ ವರದಿ ಕೊಟ್ಟಿದ್ದಳು. ಕೊನೆಗೆ ಊಟ ತಣ್ಣಗಾದರೂ ಯಾರೂ ಕದಲಿರಲಿಲ್ಲ. ಒಮ್ಮೆ ತುಂಬಿದ ಸಭೆಯಲ್ಲಿ ಕರೆಂಟು ಹೋದಾಗ ಅವಳ ಸ್ವರ ಕತ್ತಲೆಯಲ್ಲಿ, “ಗಾಬರಿಯಾಗಬೇಡಿ, ನಾನು ಲಿಫ್ಟ್ ಕಂಪನಿಯವಳು, ಜನ ಬರ್ತಾ ಇದಾರೆ” ಎಂದಿತ್ತು. ಹಿಂದಿನಿಂದ ಒಬ್ಬ ಕುಡಿದವನು ‘ಹೆಂಗಸರ ಜೋಕಿಗೆ ನಗು ಬರಲ್ಲ’ ಎಂದು ಕೂಗಿದಾಗ, ಅವನನ್ನು ಚಿಂದಿ ಮಾಡುತ್ತಾಳೆಂದು ಎಲ್ಲರೂ ಕಾದರೆ, ಅವಳು ಮೆಲ್ಲಗೆ, “ಪರವಾಗಿಲ್ಲಣ್ಣ, ನಿಮಗೋಸ್ಕರ ನಮ್ಮಣ್ಣ ನಗ್ತಾನೆ” ಎಂದು ಮೂರನೆಯ ಸಾಲಿಗೆ ಕೈ ತೋರಿಸಿದ್ದಳು. ಅವನು ನಕ್ಕಿದ್ದ. ಕುಡಿದವನೂ ನಕ್ಕಿದ್ದ. ಅವಳ ಮಾತಿನಲ್ಲಿ ಸಣ್ಣವರಾದವರು ಯಾರೂ ಇಲ್ಲ, ಅವಳೊಬ್ಬಳನ್ನು ಮತ್ತು ಈ ಅಣ್ಣನೊಬ್ಬನನ್ನು ಬಿಟ್ಟು. ಇದನ್ನು ಯೋಚಿಸಿದಾಗಲೆಲ್ಲ ಅವನಿಗೆ ತಂಗಿಯ ಮೇಲೆ ಎಷ್ಟು ಹೆಮ್ಮೆಯಾಗುತ್ತಿತ್ತೆಂದರೆ, ಬಸ್ಸಿನಲ್ಲಿ ಪಕ್ಕದವರನ್ನು ಹಿಡಿದು ಹೇಳಬೇಕೆನ್ನಿಸುತ್ತಿತ್ತು.

ಇಂದು ಬಸ್ಸಿನಲ್ಲಿ ಪಕ್ಕದವರ ಮುಖವನ್ನೂ ಅವನು ನೋಡಲಿಲ್ಲ. ಹೋದ ವಾರ ಕಂಡ ಸ್ಟುಡಿಯೋದ ಚಿಕ್ಕ ಕೋಣೆ ಕಣ್ಣ ಮುಂದೆ ಇತ್ತು. ರೆಕಾರ್ಡಿಂಗಿಗೆ ಮೊದಲು ತಾಲೀಮಿನ ಹಾಗೆ ಒಂದು ಪ್ರದರ್ಶನ ನಡೆಸಿ, ಅದರ ಧ್ವನಿಯನ್ನು ಎಲ್ಲರೂ ಕೂತು ಕೇಳುತ್ತಿದ್ದರು. ಅವನು ಚಹಾ ತಂದುಕೊಟ್ಟು ಬಾಗಿಲ ಹತ್ತಿರ ನಿಂತಿದ್ದ. ಕಿವಿಗೆ ದಪ್ಪ ಹೆಡ್‌ಫೋನು ಹಾಕಿಕೊಂಡಿದ್ದ ಧ್ವನಿಯವನು ಹೊಸಬ, ಕೆಲಸದಲ್ಲಿ ಚುರುಕು, ಬಾಗಿಲಲ್ಲಿ ನಿಂತವನು ಯಾರೆಂದು ಅವನಿಗೆ ತಿಳಿಯದು. ಪರದೆಯ ಮೇಲೆ ಅಲೆಅಲೆಯಾಗಿ ಓಡುತ್ತಿದ್ದ ಗೆರೆಯ ಮೇಲೆ ಬೆರಳಿಟ್ಟ. “ಇಲ್ಲಿ ನೋಡಿ ಮೇಡಂ, ಈ ದೊಡ್ಡ ಗುಡ್ಡ ಸಭೆಯ ನಗು. ಅದಕ್ಕೆ ಮೊದಲು ಈ ಪುಟ್ಟ ಗುಬುಟು ಇದೆಯಲ್ಲ, ಇದು ಒಬ್ಬನದೇ. ಪ್ರತೀ ಜೋಕಿಗೂ ಇದಾನೆ.” ಕೇಳಿಸಿದ. ತಂಗಿಯ ಸ್ವರ, ಒಂದು ಎಳೆ ನಿಶ್ಶಬ್ದ, ನಿಶ್ಶಬ್ದದ ನಟ್ಟನಡುವೆ ‘ಹ್ಹೆ’, ಆಮೇಲೆ ಮಾತಿನ ಕೊನೆ, ಆಮೇಲೆ ಸಭೆ. ಮತ್ತೊಂದು. ‘ಹ್ಹೆ’. ಇನ್ನೊಂದು. ‘ಹ್ಹೆ’. ಕೋಣೆಯಲ್ಲಿದ್ದವರೆಲ್ಲ ನಗತೊಡಗಿದರು. “ಯಾರ್ರೀ ಈ ಮಹಾನುಭಾವ? ಬಸ್ಸು ಬರೋ ಮೊದಲೇ ಹತ್ತಿಬಿಡ್ತಾನಲ್ಲ! ನೀವು ಕಷ್ಟಪಟ್ಟು ತಡೆದು ನಿಲ್ಲಿಸಿದ್ದನ್ನೆಲ್ಲ ಇವನು ಮೊದಲೇ ಬಿಟ್ಟುಕೊಡ್ತಾನೆ. ಆ ದಿನ ಇವನು ಬಂದ್ರೆ ರೆಕಾರ್ಡಿಂಗ್ ಕೆಟ್ಟಿತು ಅಂತಲೇ.” ಅವನ ಕೈಯಲ್ಲಿ ಖಾಲಿ ಲೋಟಗಳ ತಟ್ಟೆಯಿತ್ತು, ಲೋಟಗಳು ಸದ್ದು ಮಾಡದ ಹಾಗೆ ಗಟ್ಟಿಯಾಗಿ ಹಿಡಿದುಕೊಂಡ. ತಂಗಿ ಅವನ ಕಡೆ ನೋಡಲಿಲ್ಲ. “ಯಾರೋ ಇರ್ತಾರೆ ಬಿಡಿ” ಎಂದಳು. ಯಾರೋ. ಅವನ ಮಾನ ಕಾಪಾಡಲು ಅಂದಳೆಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಆ ಪದ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ವಾರವಿಡೀ ಅವನ ಜೊತೆ ನಡೆದಿತ್ತು.

ಯಾಕೆ ಮೊದಲು ನಗುತ್ತೇನೆ? ನನಗೆ ಮುಂಚೆಯೇ ಗೊತ್ತು ಎಂದು ಜನಕ್ಕೆ ತೋರಿಸುವ ಚಪಲವೇ? ಈ ಮಾತು ನಮ್ಮ ಮನೆಯ ಸಿಂಕಿನ ಮುಂದೆ ಹುಟ್ಟಿದ್ದು, ನೀವೆಲ್ಲ ಈಗ ಬಂದಿರಿ, ನಾನು ಆಗಿನಿಂದ ಇದ್ದೇನೆ ಎಂಬ ಜಂಬವೇ? ಇರಬಹುದು. ಅವಳು ವಾರಗಟ್ಟಲೆ ತಿಕ್ಕಿ ಉಳಿಸಿಕೊಂಡ ಆ ಒಂದು ಎಳೆ ನಿಶ್ಶಬ್ದದಲ್ಲಿ ಇಷ್ಟು ವರ್ಷ ಕಾಲು ಚಾಚಿಕೊಂಡು ಕೂತಿದ್ದೇನೆ ಎನ್ನಿಸಿ ಮುಖ ಬಿಸಿಯಾಯಿತು. ಆ ಧ್ವನಿ ಕೇಳಿಸಿಕೊಂಡ ದಿನ ಸಂಜೆ ಮನೆಯಲ್ಲಿ ಅವಳು ಪಾತ್ರೆ ತೊಳೆಯುತ್ತ, ಬೆನ್ನು ಹಾಕಿಕೊಂಡೇ, “ಅಣ್ಣ, ಶನಿವಾರ ನೀನು ಬರಲೇಬೇಕು. ಆದರೆ...” ಎಂದು ನಿಲ್ಲಿಸಿದ್ದಳು. ಮಾತನ್ನು ಎಲ್ಲಿ ನಿಲ್ಲಿಸಬೇಕೆಂದು ಅಷ್ಟು ಬಲ್ಲವಳು ಅಲ್ಲಿ ನಿಂತದ್ದು ಗೊತ್ತಿದ್ದೋ ಗೊತ್ತಿಲ್ಲದೆಯೋ. ಅವನು ಅಲ್ಲೂ ತಡೆಯದೆ ಮೊದಲೇ ಹಾರಿ, “ನಗಲ್ಲ ಬಿಡು ಪುಟ್ಟಿ” ಎಂದುಬಿಟ್ಟಿದ್ದ. ಅವಳು ನಲ್ಲಿ ತಿರುಗಿಸಿ ನೀರು ಜೋರು ಮಾಡಿದಳು. ಆಮೇಲೆ ಇಡೀ ವಾರ ಅವಳು ಸಿಂಕಿನ ಮುಂದೆ ಬಾಯಿ ಬಿಡಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಪಿಸುಗುಟ್ಟುತ್ತಿದ್ದಳು. ಅವನು ಬಾಗಿಲ ಮುಂದೆ ಹಾದರೆ ಪಿಸುಮಾತು ನಿಲ್ಲುತ್ತಿತ್ತು. ಹೀಗೆ ಎಂದೂ ಆಗಿರಲಿಲ್ಲ. ಇವತ್ತು ಬೆಳಿಗ್ಗೆ ಹೊರಡುವಾಗ ಅಮ್ಮ ಬಾಗಿಲಲ್ಲಿ ನಿಂತು, “ನೀನು ನಗಲ್ವಂತೆ?” ಎಂದಳು. ರೆಕಾರ್ಡಿಂಗ್ ಅಮ್ಮಾ, ನಗಬಾರದಂತೆ ಎಂದ. ಅಮ್ಮನಿಗೆ ಅರ್ಥವಾಗಲಿಲ್ಲ. “ನಗಿಸೋಕೆ ಕರೆದು ನಗಬೇಡ ಅಂತಾರಾ? ಇದೆಂಥ ಕಾರ್ಯಕ್ರಮ?”

ರಂಗಮಂದಿರದ ಒಳಗೆ ಹೊರಗಿನ ಬಿಸಿಲಿನ ಸುಳಿವೇ ಇರಲಿಲ್ಲ. ಮೂರು ಕ್ಯಾಮೆರಾ, ಛಾವಣಿಯಿಂದ ಇಳಿಬಿಟ್ಟ ಮೈಕುಗಳು, ಸಭೆಯ ನಗು ಹಿಡಿಯಲು ಕುರ್ಚಿಗಳ ಮೇಲೂ ಮೈಕುಗಳು. ಅವನು ಹಿಂದಿನ ಬಾಗಿಲಿನಿಂದ ಬಂದು, ಕೊನೆಯ ಸಾಲಿನ ಕಂಬದ ಮರೆಯಲ್ಲಿ ಕೂತುಕೊಂಡ. ಇಲ್ಲಿಂದ ಕೆಮ್ಮಿದರೂ ಯಾರಿಗೂ ಕೇಳಿಸದು. ಕೂತು ಉಸಿರು ಬಿಡುವಷ್ಟರಲ್ಲಿ, ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ಹೆಂಗಸೊಬ್ಬಳು ಬಂದು, “ಸಾರ್, ನಿಮ್ಮ ಜಾಗ ಮೂರನೇ ಸಾಲು. ಮೇಡಂ ಪರದೆ ಸಂದಿಯಿಂದ ನೋಡಿದ್ರು. ಅಲ್ಲಿ ಕೂತ್ಕೊಳ್ಳೋವರೆಗೂ ಶುರು ಮಾಡಲ್ಲ ಅಂತಿದಾರೆ” ಎಂದಳು. ಮುಂದೆ ಹೋಗಿ ಕೂತ. ಅವನ ಕುರ್ಚಿಯ ನೇರ ಮೇಲೊಂದು ಮೈಕು ತೂಗುತ್ತಿತ್ತು. ಇಷ್ಟು ವರ್ಷದ ದುಡಿಮೆ ಇವತ್ತು ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಲ್ಲಬೇಕು. ಇನ್ನೆಂದೂ ಅಳಿಸಲಾಗದ ಹಾಗೆ ಅವಳ ಮಾತು ಉಳಿಯಬೇಕು. ಅದರ ನಡುವೆ ತನ್ನದೊಂದು ‘ಹ್ಹೆ’ ಉಳಿದುಬಿಟ್ಟರೆ? ಕರವಸ್ತ್ರವನ್ನು ಮುದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡ, ತೀರ ಬಂದರೆ ಬಾಯಿಗೆ ತುರುಕಿಕೊಳ್ಳಬಹುದೆಂದು.

ತಂಗಿ ಬಂದಳು. ಚಪ್ಪಾಳೆ ತಣಿಯುವಷ್ಟರಲ್ಲಿ ಮೈಕಿನ ಕಂಬವನ್ನು ಎತ್ತಿ ಪಕ್ಕಕ್ಕಿಟ್ಟು, ಮೊದಲ ಮಾತು ಅಂದಳು. ಅವನು ನಾಲಿಗೆ ಕಚ್ಚಿದ. ನಿಶ್ಶಬ್ದ ಬಂತು, ಖಾಲಿಯಾಗಿ, ಯಾರೂ ತುಳಿಯದೆ ಬಂತು. ಅವಳು ಅದರೊಳಗೆ ಮಾತಿನ ಕೊನೆಯನ್ನು ಇಟ್ಟಳು. ಆಮೇಲೆ ಅವನ ಬೆನ್ನ ಹಿಂದೆ ಏನೋ ಎದ್ದಿತು. ಮೊದಲು ಅವನಿಗೆ ಅದೇನೆಂದು ತಿಳಿಯಲಿಲ್ಲ. ಅದು ನಗು. ತಾನು ನಗುತ್ತಿದ್ದುದರಿಂದ ಇಷ್ಟು ವರ್ಷ ಅವನಿಗೆ ಬೇರೆಯವರ ನಗು ಸರಿಯಾಗಿ ಕೇಳಿಸಿಯೇ ಇರಲಿಲ್ಲ! ತನ್ನ ತಲೆಯೊಳಗಿನ ಸದ್ದೇ ಸಭೆಯ ಸದ್ದೆಂದುಕೊಂಡಿದ್ದ. ಈಗ ಕೇಳಿದ: ಮೂಗಿನಲ್ಲಿ ನಗುವವರು, ತೊಡೆ ತಟ್ಟಿಕೊಳ್ಳುವವರು, ಪಕ್ಕದವರಿಗೆ ಮಾತನ್ನು ಪುನಃ ಹೇಳಿ ಇನ್ನೊಮ್ಮೆ ನಗುವವರು. ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ನಗುವ ಬದಲು ‘ಅಯ್ಯೋ ದೇವರೇ, ಅಯ್ಯೋ ದೇವರೇ’ ಎನ್ನುತ್ತಿದ್ದರು. ನಗುತ್ತಿರುವಾಗ ಕಣ್ಣು ಮುಚ್ಚಿರುತ್ತದಲ್ಲ. ತೆರೆದ ಕಣ್ಣಲ್ಲಿ ಅವನು ತಂಗಿಯನ್ನೂ ಮೊದಲ ಸಲ ಎಂಬಂತೆ ನೋಡಿದ. ಸಭೆ ನಗುವಾಗ ಅವಳು ಸುಮ್ಮನೆ ನಿಂತಿರುತ್ತಿರಲಿಲ್ಲ. ಎಡಗಾಲಿನ ಹಿಮ್ಮಡಿ ಮೆಲ್ಲಗೆ ನೆಲ ತಟ್ಟುತ್ತಿತ್ತು, ಕಣ್ಣು ಮೂಲೆಯಿಂದ ಮೂಲೆಗೆ ಹೋಗುತ್ತಿತ್ತು. ಯಾರು ನಕ್ಕರು, ಯಾರು ಇನ್ನೂ ನಕ್ಕಿಲ್ಲ, ಯಾರಿಗೆ ಇವತ್ತು ನಗುವುದು ಕಷ್ಟವಾಗಿದೆ, ಎಲ್ಲ ನೋಡುತ್ತಿದ್ದಳು. ಮತ್ತು ನಗು ಇಳಿದು ಮುಗಿಯುವ ಒಂದು ಗಳಿಗೆ ಮೊದಲು, ಅದು ನೆಲ ಮುಟ್ಟಲು ಬಿಡದೆ, ಮುಂದಿನ ಮಾತನ್ನು ಎತ್ತಿಕೊಳ್ಳುತ್ತಿದ್ದಳು. ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಬಾಗಿಲು ತೆರೆಯುವವರೆಗೆ ಹಿಡಿದಿಟ್ಟವಳು ಇವಳೇ. ಆ ಫೋನಿನವರಿಗೆಲ್ಲ ಅವಳ ಮುಖ ಕಂಡಿರಲಿಲ್ಲ. ತಾನೂ ಹಾಗೇ ಇದ್ದೆನಲ್ಲ ಎಂದುಕೊಂಡ. ಎಂಥ ಕೆಲಸಗಾರ್ತಿ ನನ್ನ ತಂಗಿ ಎನ್ನಿಸಿತು. ನಗು ತಡೆಯಲೆಂದು ತಂದ ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡ.

ಲಿಫ್ಟಿನ ಪ್ರಸಂಗ ದಾಟಿತು. ಈ ಒಂದು ಸಲ ಅದು ನಿಜ ಎಂದಾಗಲೂ ಅವನು ಗೆದ್ದ. ಕನ್ನಡಕದ ಪ್ರಸಂಗ ಬಂತು, ತಲೆ ಒಂದು ಬದಿಗೆ ವಾಲಿತು, ‘ಅಮ್ಮಾ... ಮೊದಲಿನದೇ ಸ್ಪಷ್ಟವಾಗಿತ್ತು’, ಸಭೆ ಕುಣಿಯಿತು, ಅವನು ಕಲ್ಲಿನ ಹಾಗೆ ಕೂತಿದ್ದ. ಇಲ್ಲಿಗೆ ಮುಗಿಯಬೇಕು, ಇಲ್ಲಿಂದ ಅವಳು ವಂದಿಸಿ ಒಳಗೆ ಹೋಗುತ್ತಾಳೆ. ಅವನ ಮುಷ್ಟಿ ಸಡಿಲವಾಯಿತು. ಆದರೆ ಅವಳು ಹೋಗಲಿಲ್ಲ. ನೀರು ಕುಡಿದು, ಬಾಟಲಿಯ ಮುಚ್ಚಳ ತಿರುಗಿಸುತ್ತ, ಅವನು ಎಂದೂ ಕೇಳಿರದ ಮಾತೊಂದನ್ನು ಶುರು ಮಾಡಿದಳು.

“ನಾನು ಮೊದಲ ಸಲ ಮೈಕ್ ಹಿಡಿದಾಗ ಒಬ್ಬರೂ ನಗಲಿಲ್ಲ. ಒಬ್ಬ ಫೋನ್ ಎತ್ತಿ, ಇಲ್ಲಿ ಏನೂ ನಡೀತಾ ಇಲ್ಲ ಅಂದ. ಸತ್ಯವಂತ.” ಸಭೆ ನಕ್ಕಿತು. “ಒಬ್ಬನೇ ಒಬ್ಬ ನಕ್ಕ. ತೊಂದರೆ ಏನಂದ್ರೆ, ನಾನಿನ್ನೂ ಜೋಕ್ ಹೇಳಿರಲಿಲ್ಲ.” ಮತ್ತೆ ನಕ್ಕಿತು. ಬಾಗಿಲು ಹಾಕಿಕೊಂಡು ಪಿಸುಗುಟ್ಟಿದ್ದು ಇದನ್ನು! “ನಮ್ಮಣ್ಣ. ಇವತ್ತಿಗೂ ಹಾಗೇ. ಬೇರೆಯವರೆಲ್ಲ ಊಟ ಮಾಡಿ, ಚೆನ್ನಾಗಿದ್ರೆ ತೇಗ್ತಾರೆ. ನಮ್ಮಣ್ಣ ಒಲೆ ಹಚ್ಚಿದ ಸದ್ದಿಗೇ...” ಅವಳು ಕೆನ್ನೆ ಉಬ್ಬಿಸಿ, ಎದೆ ಸವರಿಕೊಂಡು, ತೃಪ್ತಿಯಿಂದ ತೇಗಿದಳು. ಛಾವಣಿ ಹಾರುವಂಥ ನಗು ಎದ್ದಿತು. ಅಜ್ಜಿ ದೇವರನ್ನು ಕರೆಯತೊಡಗಿದರು. ಅವನು ನಗಲಿಲ್ಲ, ತಡೆದುಕೊಂಡದ್ದಲ್ಲ, ಅವನಿಗೆ ಮುಂದೇನು ಬರುತ್ತದೆಂದು ಗೊತ್ತಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನು ತಂಗಿಯ ಮಾತನ್ನು ಉಳಿದ ಜನರ ಹಾಗೆ ಕೇಳುತ್ತಿದ್ದ, ಬಾಯಿ ತೆರೆದುಕೊಂಡು, ಮಗುವಿನ ಹಾಗೆ. “ಈಗ ಧ್ವನಿಯವರು ಹೇಳಿದಾರೆ, ಆ ಮನುಷ್ಯ ಬಂದ್ರೆ ರೆಕಾರ್ಡಿಂಗ್ ಕೆಡತ್ತೆ. ಯಾರದು ಅಂತ ಕೇಳಿದ್ರು. ನಾನು ಯಾರೋ ಅಂದೆ.” ಅವಳ ಸ್ವರ ಅಲ್ಲಿ ಒಂದಿಷ್ಟು ಕಟ್ಟಿತು, ಕಟ್ಟಿದ್ದು ನಾಟಕವಲ್ಲವೆಂದು ಸಭೆಯಲ್ಲಿ ಅವನೊಬ್ಬನಿಗೆ ಗೊತ್ತಾಯಿತು. “ಯಾರೋ ಅಲ್ಲ ಸ್ವಾಮಿ. ನಾನು ನಗಿಸ್ತೀನಿ ಅಂತ ನನಗೇ ನಂಬಿಕೆ ಇಲ್ಲದಾಗ, ಮೊದಲೇ ನಕ್ಕವನು ಅವನು. ಅವನು ನಕ್ಕಿದ್ದಕ್ಕೆ ನಾನು ಜೋಕ್ ಮುಗಿಸಬೇಕಾಯ್ತು. ಇಲ್ಲದಿದ್ರೆ ಅರ್ಧಕ್ಕೇ ಇಳಿದು ಮನೆಗೆ ಹೋಗ್ತಿದ್ದೆ.”

ತಂಗಿ ಹಣೆಗೆ ಕೈ ಅಡ್ಡ ಹಿಡಿದು, ದೀಪಗಳ ಬೆಳಕನ್ನು ಮರೆಮಾಡಿಕೊಂಡು, ಮೂರನೆಯ ಸಾಲಿನ ಎಡತುದಿಯನ್ನು ಹುಡುಕಿದಳು. ಸಿಕ್ಕ ಮೇಲೆ ಅವಳ ತಲೆ ಮೆಲ್ಲಗೆ ಒಂದು ಬದಿಗೆ ವಾಲಿತು.

“ಏನಣ್ಣ,” ಎಂದಳು, “ಇದು ಸ್ಪಷ್ಟವಾಗಿದೆಯಾ, ಮೊದಲಿನದಾ?”

ಇಡೀ ಮಂದಿರ ಒಮ್ಮೆಲೇ ನಕ್ಕಿತು. ಅವನಿಗೆ ಮಾತ್ರ ಅದು ತಲುಪಲು ಹೊತ್ತು ಹಿಡಿಯಿತು. ಎಲ್ಲರ ನಗು ಮೇಲಕ್ಕೆ ಹೋಗಿ, ಅಲ್ಲಿ ಸ್ವಲ್ಪ ನಿಂತು, ಇಳಿಯತೊಡಗಿತು. ತೊಡೆ ತಟ್ಟುವವರು ನಿಲ್ಲಿಸಿದರು, ಅಜ್ಜಿಯ ದೇವರು ನಿಂತರು. ನಗು ನೆಲ ಮುಟ್ಟಿತು. ಒಂದು ನಗುವನ್ನೂ ಎಂದೂ ನೆಲಕ್ಕೆ ಬೀಳಗೊಡದವಳು ಮುಂದಿನ ಮಾತು ಎತ್ತಿಕೊಳ್ಳಲಿಲ್ಲ. ಅವಳ ಹಿಮ್ಮಡಿ ತಟ್ಟುತ್ತಿರಲಿಲ್ಲ. ಹಣೆಯ ಮೇಲಿನ ಕೈ ಹಾಗೇ ಇತ್ತು. ಆ ಪೂರ್ತಿ ನಿಶ್ಶಬ್ದದಲ್ಲಿ, ಎಲ್ಲರೂ ಮುಗಿಸಿದ ಮೇಲೆ, ನೆತ್ತಿಯ ಮೇಲೆ ತೂಗುವ ಮೈಕಿನ ಕೆಳಗೆ ಅವನಿಂದ ‘ಹ್ಹೆ’ ಎಂದು ಹೊರಬಂತು. ಆಮೇಲೆ ಇನ್ನೊಂದು. ಆಮೇಲೆ ತಡೆಯಿಲ್ಲದೆ, ಕಣ್ಣುಮೂಗೆಲ್ಲ ನೀರಾಗಿ, ಒಬ್ಬನೇ, ತಡವಾಗಿ, ಹೊಟ್ಟೆ ಹಿಡಿದುಕೊಂಡು ಅವನು ನಗತೊಡಗಿದ. ಅವಳು ಮೈಕನ್ನು ಎದೆಗೆ ಒತ್ತಿಕೊಂಡು, ಅವನು ಮುಗಿಸಲೆಂದು ಕಾಯುತ್ತ ನಿಂತಳು.